ಹನ್ನೆರಡರ ಲೆಕ್ಕದಲ್ಲಿ ಪೂರ್ಣಾಂಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದ್ವಾದಶಮಾನ ಅಂದರೆ ಏನು?

ದಶಮಾನದಲ್ಲಿ ಅಂಕಿ ಎಡಕ್ಕೆ ಒಂದು ಸ್ಥಾನ ಸರಿದರೆ ಅದರ ಬೆಲೆ ಹತ್ತು ಪಟ್ಟಾಗುತ್ತದೆ. ದ್ವಾದಶಮಾನದಲ್ಲಿ ಹನ್ನೆರಡು ಪಟ್ಟಾಗುತ್ತದೆ. ವ್ಯತ್ಯಾಸ ಇಷ್ಟೇ. ಈ ಹತ್ತು, ಹನ್ನೆರಡನ್ನೇ ಆಯಾ ಪದ್ಧತಿಯ ಆಧಾರ ಎನ್ನುತ್ತಾರೆ. ಬಿಡಿ, ಹತ್ತು, ನೂರು, ಸಾವಿರ ಕೂರುತ್ತಿದ್ದ ಜಾಗಗಳಲ್ಲಿ 1, 12, 144, 1728 ಕೂರುತ್ತವೆ. ಅದರಾಚೆ 20736, 248832, ಹೀಗೆ.

ಹತ್ತಕ್ಕೂ ಹನ್ನೊಂದಕ್ಕೂ ಯಾವ ಅಂಕಿ ಬಳಸಬೇಕು?

ಒಂದೇ ಸ್ಥಾನದಲ್ಲಿ ಸೊನ್ನೆಯಿಂದ ಹನ್ನೊಂದರವರೆಗೆ ಏನು ಬೇಕಾದರೂ ಬರಬಹುದು, ಆದ್ದರಿಂದ ಎರಡು ಹೊಸ ಅಂಕಿಗಳು ಬೇಕೇ ಬೇಕು. ಶೀಘ್ರಲಿಪಿಯಿಂದ ಹೆಸರಾದ ಐಸಾಕ್ ಪಿಟ್‌ಮನ್ 2 ಮತ್ತು 3ನ್ನು ತಲೆಕೆಳಗಾಗಿ ತಿರುಗಿಸಿ ಬಳಸಿದ್ದರು. ಆ ಎರಡು ಚಿಹ್ನೆಗಳು 2015ರಲ್ಲಿ ಯೂನಿಕೋಡ್‌ಗೂ ಸೇರಿದವು. ಕಂಪ್ಯೂಟರ್ ಮಂದಿ ಎ, ಬಿ ಎಂಬ ರೋಮನ್ ಅಕ್ಷರಗಳಲ್ಲೇ ಕೆಲಸ ಮುಗಿಸುತ್ತಾರೆ. ಚಿಹ್ನೆ ಯಾವುದಾದರೂ ಗಣಿತಕ್ಕೆ ಏನೂ ಆಗುವುದಿಲ್ಲ. ಇದರ ಮೇಲೆ ನಡೆದಿರುವ ವಾದ ಮಾತ್ರ ಅಳತೆ ಮೀರಿದ್ದು.

ಈ ಪುಟದಲ್ಲಿ ಹತ್ತಕ್ಕೆ "ದ", ಹನ್ನೊಂದಕ್ಕೆ "ಏ". ದಶ, ಏಕಾದಶ ಎಂದು ನೆನಪಿಟ್ಟುಕೊಳ್ಳಿ. ಹನ್ನೆರಡರ ಲೆಕ್ಕದಲ್ಲಿ ಬರೆದ ಸಂಖ್ಯೆ ಚೌಕ ಕಂಸದೊಳಗೆ ಇರುತ್ತದೆ, ಕಂಸವಿಲ್ಲದ್ದು ಮಾಮೂಲಿ ದಶಮಾನ. ಹಾಗಾಗಿ [10] = 12, [1ದ] = 22, [ಏಏ] = 143. [10]ನ್ನು ಹತ್ತು ಎಂದು ಓದಬೇಡಿ, "ಒಂದು ಸೊನ್ನೆ" ಎಂದು ಓದಿ. ಮೊದಮೊದಲು ಎಡವುವುದು ಇಲ್ಲೇ.

ಒಂದು ಸಂಖ್ಯೆಯನ್ನು ಹನ್ನೆರಡಕ್ಕೆ ಪರಿವರ್ತಿಸುವುದು ಹೇಗೆ?

12ರಿಂದ ಭಾಗಿಸುತ್ತಾ ಹೋಗಿ, ಶೇಷಗಳನ್ನು ಬರೆದಿಟ್ಟುಕೊಳ್ಳಿ, ಕೊನೆಗೆ ಕೆಳಗಿನಿಂದ ಮೇಲಕ್ಕೆ ಓದಿ. 2025 ತೆಗೆದುಕೊಳ್ಳೋಣ. 2025ನ್ನು 12ರಿಂದ ಭಾಗಿಸಿದರೆ 168, ಶೇಷ 9. 168ನ್ನು ಭಾಗಿಸಿದರೆ 14, ಶೇಷ 0. 14ನ್ನು ಭಾಗಿಸಿದರೆ 1, ಶೇಷ 2. ಉಳಿದದ್ದು 1. ಉತ್ತರ [1209].

ವಾಪಸ್ ಬರಲು ಎಡಗಡೆಯಿಂದ ಹೊರಡಿ: 1ನ್ನು 12ರಿಂದ ಗುಣಿಸಿ 2 ಕೂಡಿ, 14. ಅದನ್ನು 12ರಿಂದ ಗುಣಿಸಿ 0 ಕೂಡಿ, 168. ಮತ್ತೆ ಗುಣಿಸಿ 9 ಕೂಡಿ, 2025. 144, 1728 ಬಾಯಿಪಾಠ ಬೇಕಿಲ್ಲ.

ಆಧಾರ ಬದಲಾಯಿಸಿದರೆ ಸಂಖ್ಯೆಯ ಗುಣಗಳೂ ಬದಲಾಗುತ್ತವೆಯೇ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಕೆಲವು ಗುಣಗಳು ಸಂಖ್ಯೆಯವು, ಕೆಲವು ಬರವಣಿಗೆಯವು. 13 ಅವಿಭಾಜ್ಯ ಎಂಬುದು ಸಂಖ್ಯೆಯ ಗುಣ. [11] ಎಂದು ಬರೆದರೂ ಅದನ್ನು ಸಮ ಗುಂಪುಗಳಾಗಿ ಹಂಚಲು ಬರುವುದಿಲ್ಲ. ಸಮ, ಬೆಸ, ಪೂರ್ಣ ವರ್ಗ, ಎಷ್ಟು ಭಾಜಕಗಳಿವೆ ಎಂಬುದೆಲ್ಲ ಇದೇ ಜಾತಿ. ಅಂಕಿಗಳ ಮೊತ್ತ, ಎಡದಿಂದಲೂ ಬಲದಿಂದಲೂ ಒಂದೇ ಥರ ಓದಿಸಿಕೊಳ್ಳುವುದು, ಕೊನೆಯಲ್ಲಿ ಎಷ್ಟು ಸೊನ್ನೆ ಎಂಬುದು ಬರವಣಿಗೆಯ ಗುಣಗಳು. ಆಧಾರ ಬದಲಾದ ತಕ್ಷಣ ಇವೂ ಬದಲಾಗುತ್ತವೆ.

ಇವೆರಡರ ನಡುವೆ ಮೂರನೆಯದೊಂದು ಇದೆ, ಸ್ವಾರಸ್ಯ ಇರುವುದೆಲ್ಲ ಅಲ್ಲೇ. ಹನ್ನೆರಡರ ಲೆಕ್ಕದಲ್ಲಿ ಕೊನೆಯ ಅಂಕಿ ಎಂದರೆ 12ರಿಂದ ಭಾಗಿಸಿದಾಗ ಉಳಿಯುವ ಶೇಷ. ಕೊನೆಯ ಎರಡು ಅಂಕಿ ಎಂದರೆ 144ರಿಂದ ಭಾಗಿಸಿದ ಶೇಷ. ಶೇಷ ಸಂಖ್ಯೆಯದೇ ಗುಣ. ದಶಮಾನದಲ್ಲೂ ಅದು ಇತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೇ. ಹನ್ನೆರಡಕ್ಕೆ ಬದಲಾದಾಗ ಹೊಸ ಗಣಿತ ಹುಟ್ಟುವುದಿಲ್ಲ. 2, 3, 4ಕ್ಕೆ ಸಂಬಂಧಿಸಿದ ಸಂಗತಿಗಳು ಮೇಲಕ್ಕೆ ಬರುತ್ತವೆ, 5ರ ಸಂಗತಿಗಳು ಒಳಗೆ ಸರಿಯುತ್ತವೆ.

ಭಾಗವಾಗುತ್ತದೆಯೇ ಎಂದು ನೋಡುವ ಸುಲಭ ನಿಯಮಗಳು ಯಾವುವು?

ಕೊನೆಯ ಒಂದೇ ಅಂಕಿ ನೋಡಿ ಹೇಳಬಹುದಾದವು 2, 3, 4, 6 ಮತ್ತು 12. ಕೊನೆಯಲ್ಲಿ 0, 3, 6, 9 ಇದ್ದರೆ ಮೂರರಿಂದ ಭಾಗವಾಗುತ್ತದೆ. 0, 4, 8 ಇದ್ದರೆ ನಾಲ್ಕರಿಂದ. 0 ಅಥವಾ 6 ಇದ್ದರೆ ಆರರಿಂದ. ಮೂರಕ್ಕೆ ಅಂಕಿಗಳನ್ನೆಲ್ಲ ಕೂಡುವ ಕೆಲಸವೇ ಇಲ್ಲ.

144 = 16 × 9. ಆದ್ದರಿಂದ 8, 9, 16, 18, 24, 36 ಇವಕ್ಕೆಲ್ಲ ಕೊನೆಯ ಎರಡು ಅಂಕಿ ಸಾಕು. ದಶಮಾನದಲ್ಲಿ 8ಕ್ಕೆ ಮೂರು ಅಂಕಿ, 16ಕ್ಕೆ ನಾಲ್ಕು ಅಂಕಿ ನೋಡಬೇಕಾಗುತ್ತದೆ.

ಅಂಕಿಗಳನ್ನು ಕೂಡುವ ನಿಯಮ 9ರ ಕೈಬಿಟ್ಟು 11ರ ಪಾಲಾಗುತ್ತದೆ. ಆಧಾರಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಗೆ ಸಲ್ಲುವ ನಿಯಮ ಅದು. [1209]ರ ಅಂಕಿಗಳ ಮೊತ್ತ 12, ಅದರಲ್ಲಿ 11 ಕಳೆದರೆ 1. 2025ನ್ನು 11ರಿಂದ ಭಾಗಿಸಿದರೆ ಶೇಷ 1, ಸರಿಹೋಯಿತು. ಹನ್ನೊಂದರ ಮಗ್ಗಿಯನ್ನು ಬರೆದು ನೋಡಿ: [ಏ], [1ದ], [29], [38], [47], [56], [65], [74], [83], [92], [ದ1], [ಏ0]. ದಶಮಾನದ ಒಂಬತ್ತರ ಮಗ್ಗಿಯ ಹಾಗೆಯೇ ಒಂದು ಅಂಕಿ ಏರುತ್ತದೆ, ಇನ್ನೊಂದು ಇಳಿಯುತ್ತದೆ.

ಅಂಕಿಗಳನ್ನು ಬಲದಿಂದ ಒಂದು ಬಿಟ್ಟು ಒಂದು ಕೂಡಿ ಕಳೆಯುವ ನಿಯಮ 11ರಿಂದ 13ಕ್ಕೆ ಹೋಗುತ್ತದೆ. [1209]ಕ್ಕೆ 9 − 0 + 2 − 1 = 10. 2025ನ್ನು 13ರಿಂದ ಭಾಗಿಸಿದರೂ ಶೇಷ 10.

ಹಾಗಾದರೆ 5 ಮತ್ತು 7ರ ಗತಿ?

ಐದು ಇಲ್ಲಿ ನಿಜಕ್ಕೂ ತೊಡಕಿನದು. ದಶಮಾನದಲ್ಲಿ ಕೊನೆಯ ಅಂಕಿ ಸಾಕಿತ್ತು, ಇಲ್ಲಿ ಲೆಕ್ಕ ಮಾಡಬೇಕು. ಕೊನೆಯ ಅಂಕಿಯನ್ನು ಕಿತ್ತು, ಅದರ ಎರಡರಷ್ಟನ್ನು ಉಳಿದದ್ದರಲ್ಲಿ ಕಳೆಯಿರಿ. ಬಂದದ್ದು 5ರಿಂದ ಭಾಗವಾದರೆ ಮೂಲವೂ ಭಾಗವಾಗುತ್ತದೆ. [1209]ರಲ್ಲಿ 9 ಕಿತ್ತರೆ [120] ಉಳಿಯುತ್ತದೆ. 9ರ ಎರಡರಷ್ಟು 18, ಅಂದರೆ [16]. [120] − [16] = [106]. ಮತ್ತೆ 6 ಕಿತ್ತರೆ [10], 6ರ ಎರಡರಷ್ಟೂ [10], ಉಳಿದದ್ದು ಸೊನ್ನೆ. ಆದ್ದರಿಂದ ಭಾಗವಾಗುತ್ತದೆ.

ಈ ನಿಯಮವನ್ನು ಎಲ್ಲೋ ನೋಡಿದ ಹಾಗಿದೆ ಅನ್ನಿಸಿದರೆ ತಪ್ಪಿಲ್ಲ. ದಶಮಾನದಲ್ಲಿ 7ಕ್ಕೆ ಕಲಿಸುವ ನಿಯಮ ಅಕ್ಷರಶಃ ಇದೇ. ಎರಡೂ ಕಡೆ ಅದರ ಬೇರು "21" ಎಂಬ ಬರಹದಲ್ಲಿದೆ. ದಶಮಾನದ 21 ಏಳರ ಅಪವರ್ತ್ಯ. ಹನ್ನೆರಡರ [21] ಎಂದರೆ 25, ಐದರ ಅಪವರ್ತ್ಯ. ನಿಯಮ ಒಂದೇ, ಅದು ಹಿಡಿಯುವ ಸಂಖ್ಯೆ ಬೇರೆ.

ಏಳಕ್ಕೆ: ಕೊನೆಯ ಅಂಕಿ ಕಿತ್ತು, ಅದರ ಮೂರರಷ್ಟನ್ನು ಉಳಿದದ್ದಕ್ಕೆ ಕೂಡಿ. [41]ಕ್ಕೆ 4 + 3 = 7, ಹೌದು, ಅದು 49. ದೊಡ್ಡ ಸಂಖ್ಯೆಗಳಿಗೆ ಮುಂದಿನ ಉತ್ತರದಲ್ಲಿರುವ ಉಪಾಯ ವಾಸಿ.

1729 ಈ ಪದ್ಧತಿಯಲ್ಲಿ ವಿಶೇಷ ಎನ್ನುತ್ತಾರಲ್ಲ, ಯಾಕೆ?

ಲಂಡನ್ನಿನ ಪಟ್ನಿಯಲ್ಲಿ ಕಾಯಿಲೆ ಬಿದ್ದು ಮಲಗಿದ್ದ ಶ್ರೀನಿವಾಸ ರಾಮಾನುಜನ್ ಅವರನ್ನು ನೋಡಲು ಬಂದ ಗಣಿತಜ್ಞ ಹಾರ್ಡಿ, ತಾನು ಬಂದ ಟ್ಯಾಕ್ಸಿಯ ಸಂಖ್ಯೆ 1729 ಸಪ್ಪೆ ಅಂದದ್ದೂ, ಎರಡು ಧನ ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಎಂದು ರಾಮಾನುಜನ್ ಥಟ್ಟನೆ ಹೇಳಿದ್ದೂ ಎಲ್ಲರಿಗೂ ಗೊತ್ತು. 1729 = 12³ + 1³ = 10³ + 9³.

ಹನ್ನೆರಡರ ಲೆಕ್ಕದಲ್ಲಿ ಟ್ಯಾಕ್ಸಿಗೆ [1001] ಎಂಬ ಫಲಕ ಇರುತ್ತಿತ್ತು. 12ರ ಘನ [1000], ಅದಕ್ಕೆ ಒಂದು ಕೂಡಿದೆ. ಮೊದಲನೆಯ ಜೋಡಿ ಬರವಣಿಗೆಯಲ್ಲೇ ಕಾಣುತ್ತಿತ್ತು, ಹಾರ್ಡಿಗೂ ಸಪ್ಪೆ ಅನ್ನಿಸುತ್ತಿರಲಿಲ್ಲವೇನೋ. ಎರಡನೆಯ ಜೋಡಿ ಇಲ್ಲಿ [6ಏ4] + [509]. ಅದು ದಶಮಾನದಲ್ಲೇ ಚೆಂದ: 1000 + 729.

[1001]ಕ್ಕೆ ಇನ್ನೊಂದು ಉಪಯೋಗವಿದೆ. 1729 = 7 × 13 × 19. ಆದ್ದರಿಂದ ದೊಡ್ಡ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಗುಂಪುಗಳನ್ನು ಒಂದಾದ ಮೇಲೊಂದು ಕೂಡಿ ಕಳೆದರೆ 7, 13, 19 ಈ ಮೂರರ ಪರೀಕ್ಷೆಯೂ ಒಟ್ಟಿಗೆ ಮುಗಿಯುತ್ತದೆ. ದಶಮಾನದ 1001 = 7 × 11 × 13 ಇದೇ ಕೆಲಸವನ್ನು 7, 11, 13ಕ್ಕೆ ಮಾಡುತ್ತದೆ.

ಅವಿಭಾಜ್ಯ ಸಂಖ್ಯೆಗಳು ಹೇಗೆ ಕಾಣುತ್ತವೆ?

2 ಮತ್ತು 3 ಬಿಟ್ಟರೆ ಉಳಿದ ಎಲ್ಲ ಅವಿಭಾಜ್ಯಗಳೂ 1, 5, 7, ಏ ಈ ನಾಲ್ಕರಲ್ಲೊಂದು ಅಂಕಿಯಿಂದಲೇ ಮುಗಿಯುತ್ತವೆ. ಸಾಲಾಗಿ: [5], [7], [ಏ], [11], [15], [17], [1ಏ], [25], [27], [31], [35], [37], [3ಏ], [45]. ಹಾಗೆ ಮುಗಿದದ್ದೆಲ್ಲ ಅವಿಭಾಜ್ಯವಲ್ಲ. [21] ಐದರ ವರ್ಗ, [2ಏ] ಐದೇಳರ ಗುಣಲಬ್ಧ, [41] ಏಳರ ವರ್ಗ, [47] ಐದು ಹನ್ನೊಂದರ ಗುಣಲಬ್ಧ. ಶುರುವಿನಲ್ಲಿ ಮೋಸ ಮಾಡುವವು ಈ ನಾಲ್ಕು.

ದಶಮಾನದಲ್ಲೂ 1, 3, 7, 9 ಎಂದು ನಾಲ್ಕೇ ಬಾಗಿಲು. ಆದರೆ ಹತ್ತು ಅಂಕಿಗಳಲ್ಲಿ ನಾಲ್ಕು ಬೇರೆ, ಹನ್ನೆರಡು ಅಂಕಿಗಳಲ್ಲಿ ನಾಲ್ಕು ಬೇರೆ. ಇಲ್ಲಿ ಕೊನೆಯ ಅಂಕಿ ನೋಡಿಯೇ ಮೂರರಲ್ಲಿ ಎರಡು ಪಾಲು ಸಂಖ್ಯೆಗಳನ್ನು ತಳ್ಳಿಹಾಕಬಹುದು. ಎರಡರ ಅಂತರದಲ್ಲಿರುವ ಅವಳಿ ಅವಿಭಾಜ್ಯಗಳಂತೂ, 3 ಮತ್ತು 5ರ ಜೋಡಿ ಬಿಟ್ಟರೆ, ಒಂದೋ 5 ಮತ್ತು 7ರಲ್ಲಿ ಮುಗಿಯಬೇಕು, ಇಲ್ಲವೇ ಏ ಮತ್ತು 1ರಲ್ಲಿ.

ವರ್ಗ ಸಂಖ್ಯೆಗಳನ್ನು ಗುರುತಿಸುವುದು ಸುಲಭವೇ?

ಇದು ನನ್ನ ಮೆಚ್ಚಿನ ಭಾಗ. ಪೂರ್ಣ ವರ್ಗಗಳು ಮುಗಿಯುವುದು 0, 1, 4, 9ರಲ್ಲಿ ಮಾತ್ರ, ಮತ್ತು ಈ ನಾಲ್ಕು ಅಂಕಿಗಳೂ ಸ್ವತಃ ವರ್ಗಗಳೇ. ದಶಮಾನದಲ್ಲಿ 5, 6 ಕೂಡ ನುಸುಳುತ್ತವೆ. 7ರಲ್ಲೋ 8ರಲ್ಲೋ ಮುಗಿಯುವ ಸಂಖ್ಯೆ ಎಷ್ಟೇ ಉದ್ದವಿದ್ದರೂ ವರ್ಗವಲ್ಲ ಎಂದು ನೋಡಿದ ಕೂಡಲೇ ಹೇಳಬಹುದು. ನಮ್ಮ [1209] ಒಂಬತ್ತರಲ್ಲಿ ಮುಗಿಯುತ್ತದೆ. ಅದು 45ರ ವರ್ಗ.

ಇನ್ನೂ ಹತ್ತಿರದಿಂದ ನೋಡೋಣ. 2 ಮತ್ತು 3ಕ್ಕಿಂತ ದೊಡ್ಡ ಅವಿಭಾಜ್ಯಗಳ ವರ್ಗಗಳನ್ನು ಬರೆಯುತ್ತಾ ಹೋಗಿ: [21], [41], [ದ1], [121], [201], [261], [381]. ಎಲ್ಲವೂ 1ರಲ್ಲಿ ಮುಗಿಯುತ್ತವೆ, ಅದರ ಹಿಂದಿನ ಅಂಕಿ ಎಲ್ಲ ಕಡೆಯೂ ಸಮ. ಕಾಕತಾಳೀಯವಲ್ಲ. ಅಂಥ ಅವಿಭಾಜ್ಯದ ಹಿಂದಿನ ಸಂಖ್ಯೆ, ಮುಂದಿನ ಸಂಖ್ಯೆ ಎರಡೂ ಸಮ, ಅವುಗಳಲ್ಲಿ ಒಂದು ನಾಲ್ಕರಿಂದ ಭಾಗವಾಗುತ್ತದೆ, ಆದ್ದರಿಂದ ಅವುಗಳ ಗುಣಲಬ್ಧ 8ರಿಂದ ಭಾಗವಾಗುತ್ತದೆ. ಅಕ್ಕಪಕ್ಕದ ಮೂರು ಸಂಖ್ಯೆಗಳಲ್ಲಿ ಒಂದು ಮೂರರಿಂದ ಭಾಗವಾಗಲೇಬೇಕು, ನಡುವಿನದು ಅವಿಭಾಜ್ಯವಾದ್ದರಿಂದ ಆ ಪಾಳಿ ಪಕ್ಕದವುಗಳಿಗೇ. ಒಟ್ಟಿನಲ್ಲಿ ಗುಣಲಬ್ಧ 24ರಿಂದ ಭಾಗವಾಗುತ್ತದೆ, ಮತ್ತು ಆ ಗುಣಲಬ್ಧ ಎಂದರೆ ವರ್ಗದಲ್ಲಿ ಒಂದು ಕಳೆದದ್ದು. 24 ಇಲ್ಲಿ [20]. ಅದರ ಯಾವ ಅಪವರ್ತ್ಯದಲ್ಲೂ ಕೊನೆಯ ಅಂಕಿ ಸೊನ್ನೆ, ಅದರ ಹಿಂದಿನದು ಸಮ. ಒಂದು ಕೂಡಿದರೆ ಮೇಲಿನ ಪಟ್ಟಿ ಬಂತು.

ದಶಮಾನದಲ್ಲಿ ಇದೇ ವರ್ಗಗಳು 25, 49, 121, 169, 289, 361, 529. ಹೀಗೆ ಬರೆದರೆ ಈ ಗುಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ.

ಘನಗಳು?

ಬೆಸ ಸಂಖ್ಯೆಯ ಘನ ಆ ಸಂಖ್ಯೆಯ ಕೊನೆಯ ಅಂಕಿಯಲ್ಲೇ ಮುಗಿಯುತ್ತದೆ: 3³ = [23], 5³ = [ದ5], 7³ = [247], 9³ = [509], 11³ = [92ಏ]. ಸಮಸಂಖ್ಯೆಗಳಲ್ಲಿ ನಾಲ್ಕರ ಅಪವರ್ತ್ಯಗಳಿಗೆ ಮಾತ್ರ ಇದು ಅನ್ವಯ.

ಬಹಳಷ್ಟು ಸಂಖ್ಯೆಗಳು [54]ರಲ್ಲಿ ಮುಗಿಯುತ್ತವೆ ಎಂದು ಕೇಳಿದ್ದೇನೆ. ನಿಜವೇ?

ಹತ್ತು ಸಾವಿರ = [5954]. ಲಕ್ಷ = [49ದ54]. ಹತ್ತು ಲಕ್ಷ = [402854]. ಕೋಟಿ = [3423054]. ಹೌದು, ಹತ್ತು ಸಾವಿರದಿಂದ ಮುಂದೆ ಹತ್ತರ ಎಲ್ಲ ಘಾತಗಳೂ [54]ರಲ್ಲೇ ಮುಗಿಯುತ್ತವೆ.

ಈಗ ಪರಿಪೂರ್ಣ ಸಂಖ್ಯೆಗಳನ್ನು ನೋಡಿ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗುವ ಸಂಖ್ಯೆಗಳಿವು: 6, 28, 496, 8128. ಹನ್ನೆರಡರಲ್ಲಿ [6], [24], [354], [4854]. 28ರ ನಂತರದ ಎಲ್ಲ ಸಮ ಪರಿಪೂರ್ಣ ಸಂಖ್ಯೆಗಳೂ [54]ರಲ್ಲೇ ಮುಗಿಯುತ್ತವೆ. ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ, ಅದು ಬೇರೆ ವಿಷಯ.

ಹತ್ತರ ಘಾತಕ್ಕೂ ಪರಿಪೂರ್ಣ ಸಂಖ್ಯೆಗೂ ಏನು ನೆಂಟು? ಎರಡೂ 16ರಿಂದ ಪೂರ್ತಿ ಭಾಗವಾಗುತ್ತವೆ, 9ರಿಂದ ಭಾಗಿಸಿದರೆ ಎರಡರಲ್ಲೂ 1 ಉಳಿಯುತ್ತದೆ. ಈ ಎರಡು ಶರತ್ತುಗಳನ್ನು ಪೂರೈಸುವ, 144ಕ್ಕಿಂತ ಕಡಿಮೆಯ ಸಂಖ್ಯೆ ಒಂದೇ: 64. ಅಂದರೆ [54]. 16 × 9 = 144 ಆದ್ದರಿಂದ ಬೇರೆ ದಾರಿಯೇ ಇಲ್ಲ.

ಶರತ್ತುಗಳನ್ನು ಅದಲು ಬದಲು ಮಾಡಿ, 9ರಿಂದ ಪೂರ್ತಿ ಭಾಗವಾಗಿ 16ರಿಂದ ಭಾಗಿಸಿದಾಗ 1 ಉಳಿಯಲಿ ಎಂದರೆ 81 ಸಿಗುತ್ತದೆ, [69]. ಈ [54] ಮತ್ತು [69] ತಮ್ಮ ವರ್ಗದ ಕೊನೆಯಲ್ಲೂ ತಾವೇ ಬರುತ್ತವೆ. ದಶಮಾನದಲ್ಲಿ 25 ಮತ್ತು 76 ಹೀಗೆ: 625, 5776. ಅಲ್ಲಿ 25 + 76 = 101. ಇಲ್ಲಿಯೂ [54] + [69] = [101].

142857ರಂಥ ತಿರುಗುವ ಸಂಖ್ಯೆ ಇಲ್ಲಿ ಇದೆಯೇ?

ಇದೆ, ಇನ್ನೂ ಚಿಕ್ಕದು. [2497]. ಗುಣಿಸಿ ನೋಡಿ:

[2497] × 2 = [4972]
[2497] × 3 = [7249]
[2497] × 4 = [9724]
[2497] × 5 = [ಏಏಏಏ]

ಅದೇ ನಾಲ್ಕು ಅಂಕಿ ಸುತ್ತು ಹೊಡೆಯುತ್ತವೆ. ಐದನೇ ಒಂದು ಭಾಗ ಇಲ್ಲಿ ಮುಗಿಯದ ಭಿನ್ನರಾಶಿ, [0.24972497…], ಅದರ ಆವರ್ತವೇ ಈ ಸಂಖ್ಯೆ. ದಶಮಾನದಲ್ಲಿ ಇದು 4147. ಆ ಬರಹದಲ್ಲಿ ಏನೂ ಕಾಣುವುದಿಲ್ಲ, ತಿರುಗುವುದು ಅಪ್ಪಟ ಬರವಣಿಗೆಯ ಗುಣ. ಅರ್ಧ ಮಾಡಿ ಕೂಡಿದರೆ [24] + [97] = [ಏಏ]; 142 + 857 = 999 ಆಗುವ ಹಾಗೆಯೇ. ಏಳನೇ ಒಂದು ಭಾಗದಿಂದ [186ದ35] ಎಂಬ ಇನ್ನೊಂದು ಸಿಗುತ್ತದೆ, ಅದೂ ತಿರುಗುತ್ತದೆ.

ಆರ್ಮ್‌ಸ್ಟ್ರಾಂಗ್ ಸಂಖ್ಯೆಗಳು ಬದಲಾಗುತ್ತವೆಯೇ?

ಪೂರ್ತಿ ಬದಲಾಗುತ್ತವೆ. ಎಷ್ಟು ಅಂಕಿಗಳಿವೆಯೋ ಅಷ್ಟನೇ ಘಾತಕ್ಕೆ ಪ್ರತಿ ಅಂಕಿಯನ್ನೂ ಏರಿಸಿ ಕೂಡಿದಾಗ ತಾನೇ ಬರುವ ಸಂಖ್ಯೆಗಳಿವು. ದಶಮಾನದಲ್ಲಿ 153 = 1³ + 5³ + 3³ ಪ್ರಸಿದ್ಧ, ಆದರೆ ಎರಡಂಕಿಯ ಆರ್ಮ್‌ಸ್ಟ್ರಾಂಗ್ ಸಂಖ್ಯೆ ಒಂದೂ ಇಲ್ಲ. ಹನ್ನೆರಡರಲ್ಲಿ ಎರಡು ಇವೆ: [25] ಮತ್ತು [ದ5].

[25] ಎಂದರೆ 29, ಮತ್ತು 2² + 5² = 29. [ದ5] ಎಂದರೆ 125, ಮತ್ತು 10² + 5² = 125. ಎರಡೇ ಏಕೆ? ಮೊದಲ ಅಂಕಿ ಅ, ಎರಡನೆಯದು ಬ ಆಗಿರಲಿ. ಅ² + ಬ² = 12ಅ + ಬ ಆಗಬೇಕು, ಅಂದರೆ ಅ × (12 − ಅ) = ಬ × (ಬ − 1). ಎಡಗಡೆ ಬರಬಹುದಾದವು 11, 20, 27, 32, 35, 36. ಬಲಗಡೆ ಬರಬಹುದಾದವು 0, 2, 6, 12, 20, 30, 42 ಮತ್ತು ಅದಕ್ಕಿಂತ ದೊಡ್ಡವು. ಎರಡೂ ಪಟ್ಟಿಗಳಲ್ಲಿರುವುದು 20 ಒಂದೇ. ಅದು ಬರುವುದು ಅ = 2 ಅಥವಾ 10, ಬ = 5 ಆದಾಗ. ಇದೇ ಲೆಕ್ಕವನ್ನು ಹತ್ತಕ್ಕೆ ಮಾಡಿದರೆ ಎಡಗಡೆ 9, 16, 21, 24, 25, ಒಂದೂ ಹೊಂದುವುದಿಲ್ಲ.

ಮೂರಂಕಿಗಳಲ್ಲಿ [577], [668], [ದ83] ಸಿಗುತ್ತವೆ. [577] = 811 = 125 + 343 + 343.

ಕಾಪ್ರೇಕರ್ ಸ್ಥಿರಾಂಕ ಇಲ್ಲಿ ಎಷ್ಟು?

ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ ಅವರ ಹೆಸರಿನ 6174 ನಾಲ್ಕಂಕಿಯದು. ಮೂರಂಕಿಗೆ ದಶಮಾನದಲ್ಲಿ 495. ಹನ್ನೆರಡರಲ್ಲಿ ಮೂರಂಕಿಯ ಸ್ಥಿರಾಂಕ [5ಏ6].

ಮಾಡುವ ಬಗೆ ಅದೇ: ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಏರಿಕೆಯಲ್ಲಿ ಜೋಡಿಸಿದ್ದನ್ನು ಅದರಿಂದ ಕಳೆಯಿರಿ, ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. [321] − [123] = [1ಏದ]. ಅಲ್ಲಿಂದ [9ಏ2], [8ಏ3], [7ಏ4], [6ಏ5], [5ಏ6]. ಆಮೇಲೆ ಅಲ್ಲೇ ನಿಲ್ಲುತ್ತದೆ. ಮೂರೂ ಅಂಕಿ ಒಂದೇ ಆಗಿರದ ಯಾವ ಸಂಖ್ಯೆಯಿಂದ ಹೊರಟರೂ ಕೊನೆಗೆ ತಲುಪುವುದು ಇಲ್ಲಿಗೇ. ಪ್ರತಿ ಹೆಜ್ಜೆಯ ಉತ್ತರವೂ ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ವ್ಯತ್ಯಾಸವನ್ನು 143ರಿಂದ ಗುಣಿಸಿದ್ದು. ಆ ವ್ಯತ್ಯಾಸ 6ಕ್ಕೆ ಬಂದ ಮೇಲೆ ಅಲುಗುವುದಿಲ್ಲ.

ಕ್ರಮಗುಣಿತಗಳ ಕೊನೆಯಲ್ಲಿ ಎಷ್ಟು ಸೊನ್ನೆ ಬರುತ್ತವೆ?

6! ಎಂದರೆ 1ರಿಂದ 6ರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧ, ಅದೇ 6ರ ಕ್ರಮಗುಣಿತ. 6! = [500], 9! = [156000], 10! = [1270000]. ದಶಮಾನದಲ್ಲಿ 10! = 3628800, ಎರಡೇ ಸೊನ್ನೆ; ಇಲ್ಲಿ ನಾಲ್ಕು.

ಲೆಕ್ಕ ಹಾಕುವಾಗ ಒಂದು ಸೂಕ್ಷ್ಮ ಇದೆ. ದಶಮಾನದಲ್ಲಿ ಒಂದು ಸೊನ್ನೆಗೆ ಒಂದು 2, ಒಂದು 5 ಬೇಕು. 2 ಯಾವಾಗಲೂ ಧಾರಾಳ, ಆದ್ದರಿಂದ 5ಗಳನ್ನು ಎಣಿಸಿದರೆ ಕೆಲಸ ಮುಗಿಯಿತು. ಹನ್ನೆರಡರಲ್ಲಿ ಒಂದು ಸೊನ್ನೆಗೆ ಎರಡು 2, ಒಂದು 3 ಬೇಕು. 2ರ ಜೋಡಿಗಳೂ 3ಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ, ಒಮ್ಮೆ ಇದು ಕಡಿಮೆ ಬಿದ್ದರೆ ಇನ್ನೊಮ್ಮೆ ಅದು. 8!ರಲ್ಲಿ ಏಳು 2ಗಳಿವೆ, ಅಂದರೆ ಮೂರು ಜೋಡಿ. 3 ಮಾತ್ರ ಎರಡೇ. ಹಾಗಾಗಿ ಎರಡೇ ಸೊನ್ನೆ, [1ಏ400]. 9!ರಲ್ಲಿ 3ಗಳು ನಾಲ್ಕಾದವು, ಈಗ 2ರ ಜೋಡಿ ಕಡಿಮೆ, ಮೂರು ಸೊನ್ನೆ. ಎರಡನ್ನೂ ಎಣಿಸಿ ಕಡಿಮೆ ಇರುವುದನ್ನು ತೆಗೆದುಕೊಳ್ಳದೆ ವಿಧಿಯಿಲ್ಲ. 100!ರಲ್ಲಿ 2ಗಳು 97, ಅಂದರೆ 48 ಜೋಡಿ. 3ಗಳೂ ಸರಿಯಾಗಿ 48. ಆದ್ದರಿಂದ 48 ಸೊನ್ನೆ. ದಶಮಾನದಲ್ಲಿ 24.

ಫಿಬೊನಾಚಿ ಸರಣಿಗೂ ಹನ್ನೆರಡಕ್ಕೂ ಸಂಬಂಧವಿದೆಯೇ?

1, 1ರಿಂದ ಶುರುವಾಗಿ, ಹಿಂದಿನ ಎರಡನ್ನು ಕೂಡಿ ಮುಂದಿನದನ್ನು ಪಡೆಯುವ ಈ ಸರಣಿಯ 12ನೇ ಸಂಖ್ಯೆ 144, ಅಂದರೆ [100]. 1 ಬಿಟ್ಟರೆ ಸರಣಿಯಲ್ಲಿರುವ ಧನ ವರ್ಗ ಅದೊಂದೇ ಎಂದು ಜೆ. ಎಚ್. ಇ. ಕೋನ್ 1964ರಲ್ಲಿ ಸಾಧಿಸಿದರು. ಕೊನೆಯ ಅಂಕಿಗಳು ದಶಮಾನದಲ್ಲಿ 60 ಹೆಜ್ಜೆಗೊಮ್ಮೆ ಮರುಕಳಿಸಿದರೆ ಇಲ್ಲಿ 24ಕ್ಕೊಮ್ಮೆ. 12ನೇ ಸಂಖ್ಯೆ 12ರ ವರ್ಗವಾಗಿರುವುದು ಯಾವ ಆಧಾರದಲ್ಲೂ ನಿಜ; [100] ಎಂದು ಬರೆದಾಗ ಚೆಂದ ಕಾಣುತ್ತದೆ, ಅದರಾಚೆ ಏನೂ ಓದಿಕೊಳ್ಳಬೇಕಿಲ್ಲ.

ಬರೀ 1ಗಳಿಂದಾದ ಸಂಖ್ಯೆಗಳು?

[11] = 13, [111] = 157, [11111] = 22621, ಮೂರೂ ಅವಿಭಾಜ್ಯ. [1111] = 1885 = 5 × 13 × 29, ಅಲ್ಲ. ಅದರ ಮುಂದಿನ ಅವಿಭಾಜ್ಯ ಸಿಗುವುದು ಹತ್ತೊಂಬತ್ತು 1ಗಳನ್ನು ಬರೆದಾಗ. ತಮಾಷೆಯೆಂದರೆ ದಶಮಾನದಲ್ಲೂ ಎರಡು, ಹತ್ತೊಂಬತ್ತು, 317 ಒಂದುಗಳ ಸಂಖ್ಯೆಗಳು ಅವಿಭಾಜ್ಯ. ಹನ್ನೆರಡರಲ್ಲೂ ಈ ಮೂರೂ ಉದ್ದಗಳು ಅವಿಭಾಜ್ಯ.

ಹನ್ನೆರಡರಲ್ಲಿ ಬರೆದರೆ ಸಂಖ್ಯೆ ಎಷ್ಟು ಚಿಕ್ಕದಾಗುತ್ತದೆ?

ನಿರೀಕ್ಷಿಸುವಷ್ಟಿಲ್ಲ. 1ರ ಮುಂದೆ ನೂರು ಸೊನ್ನೆ ಇರುವ ಗೂಗೋಲ್‌ಗೆ ದಶಮಾನದಲ್ಲಿ 101 ಅಂಕಿ, ಇಲ್ಲಿ 93. ಉಳಿತಾಯಕ್ಕಾಗಿ ಪದ್ಧತಿ ಬದಲಿಸುವವರಿಗೆ ನಿರಾಸೆಯೇ.

12 ಸಂಖ್ಯೆಯೇ ವಿಶೇಷವೋ, ಪದ್ಧತಿ ವಿಶೇಷವೋ?

ಸಂಖ್ಯೆ. 12ಕ್ಕೆ ಆರು ಭಾಜಕಗಳು: 1, 2, 3, 4, 6, 12. ಆರು ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆ ಅದು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನ್ನನ್ನೇ ಮೀರುವ ಸಂಖ್ಯೆಗಳಲ್ಲಿ ಮೊದಲನೆಯದೂ ಅದೇ. ಭಾಜಕಗಳ ಎಣಿಕೆ 6, ಭಾಜಕಗಳ ಮೊತ್ತ 28, ಎರಡೂ ಪರಿಪೂರ್ಣ ಸಂಖ್ಯೆಗಳು. ಹೀಗಿರುವ ಇನ್ನೊಂದು ಸಂಖ್ಯೆ ಮಾತ್ರ ಈವರೆಗೆ ಗೊತ್ತಿದೆ, ಅದಕ್ಕೆ ದಶಮಾನದಲ್ಲಿ 76 ಅಂಕಿ.

ಇದನ್ನೆಲ್ಲ ಹಿಡಿದು ಹನ್ನೆರಡಕ್ಕೆ ದೈವಿಕ ಶಕ್ತಿ ಅಂಟಿಸುವ ಬರಹಗಳು ಬೇಕಾದಷ್ಟಿವೆ. ಒಂದು ಪರೀಕ್ಷೆ ಸಾಕು: ಅವರು ತೋರಿಸುವ ಚಮತ್ಕಾರ ಅಂಕಿಗಳನ್ನು ಕೂಡಿ ಬರುವುದಾದರೆ ಅದು ಬರವಣಿಗೆಯದು. ಬೇರೆ ಆಧಾರದಲ್ಲಿ ಬರೆದು ನೋಡಿ, ಮಾಯವಾಗುತ್ತದೆ.

ಯಾರಾದರೂ ನಿಜವಾಗಿ ಹನ್ನೆರಡರಲ್ಲಿ ಎಣಿಸುತ್ತಿದ್ದರೇ?

ನೇಪಾಳದ ಚೆಪಾಂಗ್ ಭಾಷೆಯಲ್ಲೂ ನೈಜೀರಿಯಾದ ಕೆಲವು ಭಾಷೆಗಳಲ್ಲೂ ಹನ್ನೆರಡರ ಎಣಿಕೆ ದಾಖಲಾಗಿದೆ. ರೋಮನ್ನರು ಪೂರ್ಣಾಂಕಗಳನ್ನು ಹತ್ತರಲ್ಲಿ ಎಣಿಸಿದರೂ ಭಿನ್ನರಾಶಿಗಳಿಗೆ ಹನ್ನೆರಡನೇ ಭಾಗಗಳನ್ನು ಬಳಸುತ್ತಿದ್ದರು. ಬ್ರಿಟನ್ನಿನಲ್ಲಿ ಶಿಲ್ಲಿಂಗ್‌ಗೆ 12 ಪೆನ್ಸ್ ಎಂಬ ಲೆಕ್ಕ 1971ರವರೆಗೆ ನಡೆಯಿತು. ಪದ್ಧತಿಯನ್ನೇ ಬದಲಿಸಬೇಕೆನ್ನುವವರ ಸಂಘ ಅಮೆರಿಕದಲ್ಲಿ 1944ರಲ್ಲಿ ಹುಟ್ಟಿತು, ಬ್ರಿಟನ್ನಿನಲ್ಲಿ 1959ರಲ್ಲಿ. ಗಣಿತವಾಗಿ ಅವರ ವಾದದಲ್ಲಿ ಹುರುಳಿದೆ. ಜಗತ್ತು ಬದಲಾಗುವ ಲಕ್ಷಣವಿಲ್ಲ.

ಲೆಕ್ಕ ತಾಳೆ ನೋಡಲು ಕಂಪ್ಯೂಟರ್‌ನಲ್ಲಿ ಏನು ಬಳಸಬಹುದು?

ಎಕ್ಸೆಲ್‌ನಲ್ಲಿ ಬೇಸ್ ಎಂಬ ಫಂಕ್ಷನ್ ಇದೆ. ಸಂಖ್ಯೆ, ಆಧಾರ 12 ಕೊಟ್ಟರೆ ಪರಿವರ್ತಿಸುತ್ತದೆ. ವಾಪಸ್ ತರಲು ಡೆಸಿಮಲ್ ಫಂಕ್ಷನ್. ಪೈಥಾನ್‌ನ ಇಂಟ್ ಕೂಡ ಆಧಾರ 12ರ ಬರಹವನ್ನು ಓದಿಕೊಳ್ಳುತ್ತದೆ, ಆದರೆ ಹನ್ನೆರಡರಲ್ಲಿ ಬರೆದು ಕೊಡುವ ಸಿದ್ಧ ಫಂಕ್ಷನ್ ಅದರಲ್ಲಿಲ್ಲ. ಶೇಷ ತೆಗೆಯುವ ನಾಲ್ಕು ಸಾಲಿನ ಲೂಪ್ ನೀವೇ ಬರೆದುಕೊಳ್ಳಬೇಕು. ಎರಡರಲ್ಲೂ ಈ ಪುಟದ "ದ" ಮತ್ತು "ಏ" ಜಾಗದಲ್ಲಿ ರೋಮನ್ ಎ ಮತ್ತು ಬಿ ಬರುತ್ತವೆ. ಮೊದಲ ಪ್ರಯೋಗಕ್ಕೆ 858 ಹಾಕಿ ನೋಡಿ, ಐದು, ಬಿ, ಆರು ಎಂದು ಬರಬೇಕು.